ಫೈಬರ್ ಪಂಚಾಯ್ತಿಗೆ ಬಂತು, ಮನೆಗೆ ಯಾಕೆ ಬರಲಿಲ್ಲ? ಧಾರವಾಡದ ಹಳ್ಳಿಗಳಲ್ಲಿ ಒಂದು ರೂಟರ್‌ನ ಲೆಕ್ಕ

“ಅಣ್ಣಾ, ಎರಡು ಸಾವಿರದಾಗ ಚಲೋ ವೈಫೈ ರೂಟರ್ ಯಾವ್ದೈತಿ?”

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಮೊಬೈಲ್ ಅಂಗಡಿಯವರಿಗೂ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಐಟಿ ಹುಡುಗರಿಗೂ ಈಗ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರ ಕಷ್ಟ ಸಣ್ಣದೇನಲ್ಲ. ಮಗಳಿಗೆ ನೀಟ್ ಕ್ಲಾಸ್ ನೋಡಬೇಕು, ಮಗ ಕೆಲಸ ಹುಡುಕಬೇಕು, ಅಪ್ಪನಿಗೆ ಬೆಳೆ ವಿಮೆಯ ಕೊನೆಯ ದಿನಾಂಕ ಹತ್ತಿರ ಬಂದಿದೆ, ಅವ್ವನ ಗೃಹಲಕ್ಷ್ಮಿ ಹಣ ಖಾತೆಗೆ ಬಿತ್ತೋ ಇಲ್ಲವೋ ನೋಡಬೇಕು. ಮನೆಯಲ್ಲಿ ಡೇಟಾ ಇರುವ ಫೋನು ಒಂದೋ ಎರಡೋ.

ಉತ್ತರ ಹುಡುಕಿದರೆ ಯೂಟ್ಯೂಬ್ ತುಂಬ ವಿಡಿಯೊಗಳಿವೆ. “ಟಾಪ್ 5 ರೂಟರ್‌ಗಳು” ಅಂತ. ಆದರೆ ಅವೆಲ್ಲ ಯಾರಿಗಾಗಿ ಮಾಡಿದ್ದು ಸ್ವಲ್ಪ ಗಮನಿಸಿ. ಮೂರು ಬೆಡ್‌ರೂಮಿನ ಫ್ಲ್ಯಾಟು, ಕರೆಂಟ್ ಹೋದರೆ ಜನರೇಟರ್, ಬಾಗಿಲಿಗೆ ಬಂದು ಕನೆಕ್ಷನ್ ಕೊಡಲು ಪೈಪೋಟಿ ಮಾಡುವ ಮೂರು ಕಂಪನಿ. ಅಲ್ಲಿ ಬಾಕಿ ಉಳಿಯುವ ಪ್ರಶ್ನೆ ಪೆಟ್ಟಿಗೆ ಯಾವುದು ಅನ್ನೋದು ಮಾತ್ರ. ನಮ್ಮ ಹಳ್ಳಿಗಳಲ್ಲಿ ಪೆಟ್ಟಿಗೆ ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ಗೋಡೆ ಇದೆ, ಕರೆಂಟ್ ಇದೆ, ಊರಿನ ತನಕ ಬಂದು ಮನೆಗೆ ಬಾರದ ಲೈನ್ ಇದೆ.

ಹಾಗಂತ ಪ್ರಶ್ನೆ ಕೇಳಿದವರಿಗೆ ಬರೀ ರಾಜಕೀಯ ಹೇಳಿ ಕಳಿಸೋದು ಸರಿಯಲ್ಲ. ಮೊದಲು ಪೆಟ್ಟಿಗೆಯ ವಿಷಯ ಮುಗಿಸೋಣ. ಅದನ್ನು ಸರಿಯಾಗಿ ನೋಡಿದರೆ ರಾಜಕೀಯ ತಾನಾಗೇ ಕಾಣುತ್ತದೆ.

ರೂಟರ್ ಕೊಂಡರೆ ಫೈಬರ್ ಬರಲ್ಲ

ಅತಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ. ಆನ್‌ಲೈನ್‌ನಲ್ಲಿ ಆಫರ್ ನೋಡಿ ರೂಟರ್ ತರಿಸುತ್ತಾರೆ. ಲೈನ್ ಎಳೆಯುವ ಹುಡುಗ ಬಂದು, “ಇದಕ್ಕ ಫೈಬರ್ ಹಾಕಾಕ ಬರಂಗಿಲ್ರಿ” ಅನ್ನುತ್ತಾನೆ. ಅವನು ಹೇಳುವುದು ನಿಜ. ಮನೆಗೆ ಬರುವ ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು. ಆ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ಸಂಕೇತವಾಗಿ ಮಾರ್ಪಡಿಸುವ ಪೆಟ್ಟಿಗೆಗೆ ಓಎನ್‌ಟಿ ಅನ್ನುತ್ತಾರೆ. ರೂಟರ್ ಅದರ ನಂತರದ್ದು. ಇವತ್ತಿನ ಬಹುತೇಕ ಓಎನ್‌ಟಿಗಳಲ್ಲಿ ವೈಫೈ ಒಳಗೇ ಇರುತ್ತದೆ. ಅಂದ್ರೆ ತುಂಬ ಮನೆಗಳಿಗೆ ಬೇರೆ ರೂಟರೇ ಬೇಕಾಗಿಲ್ಲ.

ಆದ್ದರಿಂದ ಕೊಳ್ಳುವ ಮುಂಚೆ ಲೈನ್ ಕೊಡುವವರಿಗೆ ಮೂರು ಪ್ರಶ್ನೆ ಕೇಳಬೇಕು. ಓಎನ್‌ಟಿ ನೀವೇ ಕೊಡ್ತೀರಾ, ನಾವೇ ಕೊಳ್ಳಬೇಕಾ? ಕೊಟ್ಟರೆ ಅದು ಬಾಡಿಗೆಯದ್ದೋ, ನಮ್ಮದೇ ಆಗುತ್ತದೋ? ನಾಳೆ ಬೇರೆ ಕಂಪನಿಗೆ ಹೋದರೆ ಇದೇ ಪೆಟ್ಟಿಗೆ ನಡೆಯುತ್ತದೋ? ಮೂರನೇ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ “ನಡೆಯಂಗಿಲ್ಲ” ಅಂತಲೇ. ಯಾಕೆ ನಡೆಯಲ್ಲ ಅನ್ನೋದಕ್ಕೆ ಆಮೇಲೆ ಬರೋಣ.

ಇನ್ನು ವೇಗ. ಪೆಟ್ಟಿಗೆಯ ಮೇಲೆ ಎನ್300, ಎಸಿ1200, ವೈಫೈ 6 ಅಂತೆಲ್ಲ ಬರೆದಿರುತ್ತದೆ. ಎನ್300 ಅಂದರೆ 2.4 ಗಿಗಾಹರ್ಟ್ಸ್ ತರಂಗ ಮಾತ್ರ. ಎಸಿ1200 ಅಂದರೆ ಅದರ ಜೊತೆಗೆ 5 ಗಿಗಾಹರ್ಟ್ಸ್ ಕೂಡ. ಆ ಸಂಖ್ಯೆಗಳು ಪ್ರಯೋಗಶಾಲೆಯ ಲೆಕ್ಕ, ಮನೆಯಲ್ಲಿ ಅದರ ಒಂದು ಪಾಲು ಸಿಕ್ಕರೆ ಹೆಚ್ಚು. ಆದರೆ ನಿಮ್ಮ ಪ್ಲ್ಯಾನ್ 30 ಎಂಬಿಪಿಎಸ್‌ನದ್ದಾಗಿದ್ದರೆ ಐದು ಸಾವಿರದ ವೈಫೈ 6 ರೂಟರ್ ತಂದರೂ ಹೊರಗಿನಿಂದ ಬರುವುದು ಅದೇ 30. ಅರ್ಧ ಇಂಚಿನ ನಳಕ್ಕೆ ದೊಡ್ಡ ಟ್ಯಾಂಕ್ ಕೂಡಿಸಿದ ಹಾಗೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ 2.4 ಗಿಗಾಹರ್ಟ್ಸ್ ಕೆಟ್ಟದ್ದು ಅನ್ನುವುದಕ್ಕೆ ಕಾರಣವಿದೆ. ಆ ಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್‌ಗಳು ಮೂರೇ: 1, 6, 11. ಒಂದೇ ಕಟ್ಟಡದಲ್ಲಿ ನಲವತ್ತು ರೂಟರ್ ಇದ್ದರೆ ಸಂತೆಯ ಗದ್ದಲ. ಅಕ್ಕಪಕ್ಕ ಎರಡು ಮನೆಯಲ್ಲೂ ವೈಫೈ ಇಲ್ಲದ ಹಳ್ಳಿಯಲ್ಲಿ ಆ ಗದ್ದಲ ಇಲ್ಲ. ನಗರದ ವಿಮರ್ಶಕರು ತಿರಸ್ಕರಿಸುವ ಅಗ್ಗದ ಪೆಟ್ಟಿಗೆ ಇಲ್ಲಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಎರಡು ಅಡಿ ಗ್ವಾಡಿ, ನಾಲ್ಕು ಕೋಡು

ಎರೆ ಭೂಮಿಯ ಹಳೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಗೊತ್ತು. ಮಣ್ಣಿನ ಗೋಡೆ ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ತಂಪು. ಆದರೆ ಅದೇ ಗೋಡೆ ವೈಫೈಗೆ ದೊಡ್ಡ ಅಡ್ಡಿ. 5 ಗಿಗಾಹರ್ಟ್ಸ್ ತರಂಗ ವೇಗವಾದದ್ದು, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಪಡಸಾಲೆಯಲ್ಲಿ ರೂಟರ್ ಇಟ್ಟರೆ ಎರಡು ಗೋಡೆ ಆಚೆಗಿನ ಅಡುಗೆಮನೆಯಲ್ಲಿ 5 ಗಿಗಾಹರ್ಟ್ಸ್ ಮಾಯವಾದರೆ ರೂಟರ್ ಕೆಟ್ಟಿದೆ ಅಂತಲ್ಲ.

ಕೋಡು ಹೆಚ್ಚಿದ್ದರೆ, ಅಂದ್ರೆ ಆ್ಯಂಟೆನಾ ನಾಲ್ಕಿದ್ದರೆ, ಸಿಗ್ನಲ್ ಜೋರು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ರೂಟರ್ ಎಷ್ಟು ಶಕ್ತಿಯಲ್ಲಿ ತರಂಗ ಬಿಡಬಹುದು ಅನ್ನುವುದಕ್ಕೆ ಸರ್ಕಾರದ ಮಿತಿ ಇದೆ. ಕೋಡು ಎಷ್ಟೇ ಇರಲಿ, ಮಿತಿ ಅಷ್ಟೇ. ಹೆಚ್ಚು ಉಪಯೋಗ ಆಗುವುದು ಜಾಗದಿಂದ. ರೂಟರ್ ನಡುಮನೆಯಲ್ಲಿರಲಿ, ಎತ್ತರದಲ್ಲಿರಲಿ. ಕಬ್ಬಿಣದ ಟ್ರೆಜರಿಯ ಹಿಂದೆ, ಟಿವಿಯ ಹಿಂದೆ ಬೇಡ. ಇಷ್ಟು ಮಾಡಿದರೂ ಹಿತ್ತಲ ಕೋಣೆಗೆ ಮುಟ್ಟದಿದ್ದರೆ ದುಬಾರಿ ರೂಟರ್ ಬದಲು ಕೆಲವು ನೂರು ರೂಪಾಯಿಯ ಉದ್ದ ಲ್ಯಾನ್ ಕೇಬಲ್ ಎಳೆದು, ಅದರ ತುದಿಗೆ ಹಳೆಯ ಅಥವಾ ಅಗ್ಗದ ಎರಡನೇ ರೂಟರ್ ಕೂಡಿಸಿ. ಮಣ್ಣಿನ ಗೋಡೆಗೆ ಇದಕ್ಕಿಂತ ಒಳ್ಳೆ ಪರಿಹಾರ ಇಲ್ಲ.

ದುಡ್ಡಿನ ಲೆಕ್ಕ ಹಾಕೋಣ

ಈಗ ಮುಖ್ಯ ಮಾತಿಗೆ ಬರೋಣ. ಇದು ನಿಜಕ್ಕೂ ಕೈಗೆಟುಕುತ್ತದಾ?

2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಮೊಬೈಲ್ ದರ ಏರಿಸಿದವು. ಜಿಯೊದಲ್ಲಿ ದಿನಕ್ಕೆ 1.5 ಜಿಬಿ ಕೊಡುವ 28 ದಿನದ ಪ್ಯಾಕ್ 239ರಿಂದ 299 ರೂಪಾಯಿಗೆ ಹೋಯಿತು. ಮನೆಯಲ್ಲಿ ನಾಲ್ಕು ಫೋನ್ ಇವೆ ಅಂತ ಇಟ್ಕೊಳ್ಳಿ. ಎಲ್ಲಕ್ಕೂ ಅದೇ ಪ್ಯಾಕ್ ಹಾಕಿದರೆ 1,196 ರೂಪಾಯಿ. ಸಿಗುವುದು ಎಲ್ಲ ಸೇರಿ 168 ಜಿಬಿ. ಬಹಳ ಮನೆಗಳಲ್ಲಿ ನಾಲ್ಕಕ್ಕೂ ಹಾಕಲು ಆಗುವುದಿಲ್ಲ. ಅಪ್ಪನದಕ್ಕೆ ಹಾಕಿ ಉಳಿದವರು ಹಾಟ್‌ಸ್ಪಾಟ್ ಕೇಳುತ್ತಾರೆ.

ಇದಕ್ಕೆ ಎದುರು ಮನೆಯ ಫೈಬರ್. ಭಾರತ್‌ನೆಟ್ ಲೈನ್ ಬಳಸಿ ಸ್ಥಳೀಯ ಉದ್ಯಮಿಗಳ ಮೂಲಕ ಮನೆ ಮನೆಗೆ ಸಂಪರ್ಕ ಕೊಡುವ ಯೋಜನೆಯನ್ನು 2023ರಲ್ಲಿ ಹೇಳಿದಾಗ 30 ಎಂಬಿಪಿಎಸ್‌ನ ಆರಂಭದ ದರ ತಿಂಗಳಿಗೆ 399 ರೂಪಾಯಿ ಇತ್ತು. ಶೇ. 18 ಜಿಎಸ್‌ಟಿ ಸೇರಿದರೆ ಸುಮಾರು 471. ಆದರೆ ಫೋನ್ ನಂಬರ್ ಜೀವಂತ ಇಡಲೇಬೇಕಲ್ಲ, ಒಟಿಪಿ ಬರಬೇಕಲ್ಲ. ಬರೀ ಕರೆ ಮತ್ತು ಎಸ್‌ಎಂಎಸ್‌ಗೆ ಪ್ರತ್ಯೇಕ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ 84 ದಿನಕ್ಕೆ ಹೆಚ್ಚುಕಡಿಮೆ 450ರಿಂದ 470 ರೂಪಾಯಿಯ ಪ್ಯಾಕ್‌ಗಳು ಬಂದವು. 28 ದಿನಕ್ಕೆ ಲೆಕ್ಕ ಹಾಕಿದರೆ ಒಂದು ಫೋನಿಗೆ ಸುಮಾರು 153, ನಾಲ್ಕಕ್ಕೆ 613. ಫೈಬರ್ ಸೇರಿಸಿದರೆ 1,084.

ಅಂದ್ರೆ ಉಳಿತಾಯ ತಿಂಗಳಿಗೆ ನೂರು ರೂಪಾಯಿ ಚಿಲ್ಲರೆ. ಡೇಟಾ ಮಾತ್ರ ಹಲವು ಪಟ್ಟು ಹೆಚ್ಚು. ಜಾಹೀರಾತಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಾವು ಮುಂದೆ ಹೋಗೋಣ. ಪೆಟ್ಟಿಗೆಗೆ 2,000 ರೂಪಾಯಿ ಮೊದಲೇ ಕೊಡಬೇಕು ಅಂದರೆ ಆ ನೂರು ಚಿಲ್ಲರೆಯಿಂದ ಅದು ಮರಳಿ ಬರಲು ಒಂದೂವರೆ ವರ್ಷ ಬೇಕು. ಪೆಟ್ಟಿಗೆ ಒಂದು ವರ್ಷಕ್ಕೇ ಸುಟ್ಟು ಹೋದರೆ? ಲೈನ್ ತಿಂಗಳಲ್ಲಿ ಹತ್ತು ದಿನ ಸತ್ತು, ಮತ್ತೆ ಡೇಟಾ ಪ್ಯಾಕ್ ಹಾಕಿಸಬೇಕಾಗಿ ಬಂದರೆ? ಆಗ ಮನೆಯವರು ನಷ್ಟದಲ್ಲಿದ್ದಾರೆ.

ಅದಕ್ಕೇ ಹಳ್ಳಿಯಲ್ಲಿ “ಅಗ್ಗ” ಮತ್ತು “ನಂಬಿಕಸ್ಥ” ಅನ್ನುವುದು ಎರಡು ಬೇರೆ ಗುಣಗಳಲ್ಲ. ಕೆಡದೇ ಒಂದೂವರೆ ವರ್ಷ ನಡೆದರೆ ಮಾತ್ರ ಅದು ಅಗ್ಗ. ಗ್ಯಾರಂಟಿ ಕಾರ್ಡ್ ಇಲ್ಲದ 900 ರೂಪಾಯಿಯ ಪೆಟ್ಟಿಗೆಗಿಂತ ಮೂರು ವರ್ಷ ವಾರಂಟಿ ಇರುವ 1,600ರದ್ದು ಕಡಿಮೆ ಬೆಲೆಯದ್ದು. ಅದೂ ಬಿಲ್ ಇಸ್ಕೊಂಡರೆ ಮಾತ್ರ. ಕೆಟ್ಟರೆ ನವಲಗುಂದ, ಅಣ್ಣಿಗೇರಿಯವರು ಮೂವತ್ತು ನಲವತ್ತು ಕಿಲೊಮೀಟರ್ ದೂರದ ಹುಬ್ಬಳ್ಳಿಗೆ ಬರಬೇಕು. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಕೂಡ ರೂಟರ್‌ನ ಬೆಲೆಯಲ್ಲೇ ಸೇರಿಕೊಂಡಿದೆ.

ಇನ್ನೊಂದು ಲೆಕ್ಕ ಮರೆಯಬಾರದು. 2,000 ರೂಪಾಯಿಯ ರೂಟರ್‌ನಲ್ಲಿ ಸುಮಾರು 305 ರೂಪಾಯಿ ಜಿಎಸ್‌ಟಿ. 399ರ ಪ್ಲ್ಯಾನಿನ ಮೇಲೆ ವರ್ಷಕ್ಕೆ ಸುಮಾರು 860 ರೂಪಾಯಿ ಜಿಎಸ್‌ಟಿ. ಪ್ರತಿ ಸರ್ಕಾರಿ ಸೇವೆಯನ್ನು ಆನ್‌ಲೈನ್ ಮಾಡಿ, ಆನ್‌ಲೈನ್ ಹೋಗುವ ದಾರಿಗೆ ಶೇ. 18 ಸುಂಕ ಹಾಕುವುದು ಯಾವ ನ್ಯಾಯ?

ಕರೆಂಟ್ ಮತ್ತು ಸಿಡಿಲು

ಕರೆಂಟ್ ಹೋದ ಕ್ಷಣ ವೈಫೈ ಹೋಗುತ್ತದೆ. ಫೋನಿನಲ್ಲಿ ಬ್ಯಾಟರಿ ಇದೆ, ರೂಟರ್‌ನಲ್ಲಿ ಇಲ್ಲ. ಬಹುತೇಕ ಓಎನ್‌ಟಿ ಮತ್ತು ರೂಟರ್‌ಗಳು ನಡೆಯುವುದು 12 ವೋಲ್ಟ್‌ನಲ್ಲಿ. ಅದಕ್ಕೆಂದೇ ಇರುವ ಸಣ್ಣ ಯುಪಿಎಸ್ ಒಂದರಿಂದ ಎರಡು ಸಾವಿರಕ್ಕೆ ಸಿಗುತ್ತದೆ, ಕೆಲವು ಗಂಟೆ ಎಳೆಯುತ್ತದೆ. ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆ್ಯಂಪಿಯರ್ ನೋಡಿಕೊಳ್ಳಿ. ಆದರೆ ಗಮನಿಸಿ, ಪೆಟ್ಟಿಗೆಯಷ್ಟೇ ದುಡ್ಡು ಮತ್ತೆ ಕರೆಂಟಿಗೆ. ಒಂದೂವರೆ ವರ್ಷದ ಲೆಕ್ಕ ಮೂರು ವರ್ಷಕ್ಕೆ ಹೋಯಿತು.

ಅದೂ ಅಲ್ಲದೆ, ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ಪಂಚಾಯ್ತಿ ಕಚೇರಿಯಲ್ಲೋ ಕೇಬಲ್ ಆಪರೇಟರ್ ಬಳಿಯೋ ಇರುವ ಯಂತ್ರಕ್ಕೆ ಬ್ಯಾಟರಿ ಇಲ್ಲದಿದ್ದರೆ ಲೈನ್ ಸತ್ತಂತೆಯೇ. ಮನೆಯ ದೀಪ ಹಸಿರು, ಇಂಟರ್ನೆಟ್ ದೀಪ ಕೆಂಪು. ಇದನ್ನು ಯಾವ ದುಬಾರಿ ರೂಟರೂ ಸರಿ ಮಾಡಲಾರದು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹಿಂದೆ ಲ್ಯಾಂಡ್‌ಲೈನ್ ತಾಮ್ರದ ತಂತಿಯಿಂದ ಬಂದ ಸಿಡಿಲು ಮೋಡೆಮ್ ಸುಡುತ್ತಿತ್ತು. ಫೈಬರ್ ಗಾಜಾದ್ದರಿಂದ ಆ ದಾರಿ ಮುಚ್ಚಿದೆ. ಈಗ ಅಪಾಯ ಬರುವುದು ಅಡಾಪ್ಟರ್ ಕಡೆಯಿಂದ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವುದು ಇವತ್ತಿಗೂ ಅತ್ಯಂತ ಅಗ್ಗದ ರಕ್ಷಣೆ.

ಕಾಲುವೆ ಬಂತು, ಹೊಲಗಾಲುವೆ ಬರಲಿಲ್ಲ

ಲೈನ್ ವಿಷಯಕ್ಕೆ ಬಂದರೆ ನವಲಗುಂದದವರಿಗೆ ಇದು ಹೊಸ ಕಥೆ ಅನ್ನಿಸಲಿಕ್ಕಿಲ್ಲ. ಮಲಪ್ರಭಾ ಯೋಜನೆಯ ನೀರು ಕಾಲುವೆಗೆ ಬಂತು, ಆದರೆ ಎಷ್ಟೋ ಹೊಲಕ್ಕೆ ಸರಿಯಾಗಿ ಮುಟ್ಟಲಿಲ್ಲ. ಸರ್ಕಾರ ಮಾತ್ರ ಬೆಟರ್‌ಮೆಂಟ್ ಲೆವಿ ಕೇಳಿತು. ನೀರಿಲ್ಲದ ಹೊಲಕ್ಕೆ ಕರ ಯಾಕೆ ಅಂತ ನರಗುಂದ, ನವಲಗುಂದದ ರೈತರು ಎದ್ದು ನಿಂತರು. 1980ರ ಜುಲೈ 21ರಂದು ಗೋಲಿಬಾರ್ ಆಯಿತು. ರೈತರು ಸತ್ತರು. ರಾಜ್ಯದ ರೈತ ಚಳವಳಿಯ ದಿಕ್ಕೇ ಬದಲಾಯಿತು, 1983ರಲ್ಲಿ ಗುಂಡೂರಾವ್ ಸರ್ಕಾರ ಚುನಾವಣೆಯಲ್ಲಿ ಸೋತಿತು.

ಫೈಬರ್‌ನ ಕಥೆಯಲ್ಲಿ ಗೋಲಿಬಾರ್ ಇಲ್ಲ, ಸಾವೂ ಇಲ್ಲ. ಆದರೆ ಲೆಕ್ಕದ ರೀತಿ ಅದೇ. ಟೆಲಿಕಾಂ ಕಂಪನಿಗಳ ಆದಾಯದಲ್ಲಿ ಶೇ. 5ರಷ್ಟು ಹಣ ಹಳ್ಳಿಗಳಿಗೆ ಸಂಪರ್ಕ ಕೊಡಲೆಂದೇ 2002ರಿಂದ ಒಂದು ನಿಧಿಗೆ ಹೋಗುತ್ತದೆ. ಆಗ ಅದರ ಹೆಸರು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ. 2023ರ ದೂರಸಂಪರ್ಕ ಕಾಯ್ದೆಯ ನಂತರ ಡಿಜಿಟಲ್ ಭಾರತ್ ನಿಧಿ. ಕಟ್ಟುವುದು ಕಂಪನಿ ಅಂತ ಕಾಗದದಲ್ಲಿದೆ, ಕೊನೆಗೆ ಬರುವುದು ನಮ್ಮ ರೀಚಾರ್ಜ್‌ನಿಂದಲೇ. ಕುಂದಗೋಳದ ಕೂಲಿಯವರು 299 ಹಾಕಿಸಿದರೂ ಅದರಲ್ಲಿ ಈ ಪಾಲು ಇದೆ.

ಆ ಹಣದಲ್ಲೇ 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಮುಂದೆ ಭಾರತ್‌ನೆಟ್ ಆಯಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್. ಮೊದಲ ಹಂತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯ್ತಿ ಮುಗಿದವು ಅಂತ 2017ರ ಕೊನೆಗೆ ಘೋಷಣೆ ಆಯಿತು. ಗಮನಿಸಬೇಕಾದ್ದು ಏನಂದರೆ, ಈ ಯೋಜನೆಯ ಗುರಿ ಇದ್ದದ್ದೇ ಪಂಚಾಯ್ತಿ ಕಚೇರಿ. ಅಲ್ಲಿಂದ ಮನೆಗೆ ಯಾರು ಒಯ್ಯಬೇಕು ಅನ್ನುವುದಕ್ಕೆ ಗಟ್ಟಿ ಉತ್ತರ ಬಹಳ ವರ್ಷ ಇರಲಿಲ್ಲ. ಒಂದು ಪಂಚಾಯ್ತಿಯಲ್ಲಿ ಮೂರು ನಾಲ್ಕು ಊರು ಇರುತ್ತವೆ. ಕಚೇರಿ ಇರುವ ಊರಿಗೆ ಬಂದ ಲೈನ್ ಪಕ್ಕದ ಊರಿಗೆ ಬಂದಂತಲ್ಲ.

ಇನ್ನೊಂದು ತೊಂದರೆ ವಿನ್ಯಾಸದ್ದು. ಮೊದಲ ಹಂತದ ಲೈನ್ ತಾಲೂಕು ಕೇಂದ್ರದಿಂದ ಪಂಚಾಯ್ತಿಗೆ ಒಂದೇ ಎಳೆಯಾಗಿ ಹೋಗುತ್ತದೆ. ನಡುವೆ ಎಲ್ಲಿ ತುಂಡಾದರೂ ಮುಂದಿನವರೆಲ್ಲ ಕತ್ತಲೆಯಲ್ಲಿ. ನಮ್ಮ ಕಡೆ ತುಂಡಾಗಲು ಕಾರಣ ಹುಡುಕಬೇಕಿಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ, ನೀರಿನ ಪೈಪ್ ಹಾಕುವ ಜೆಸಿಬಿ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಮೇಲಾಗಿ ಹುಗಿದದ್ದನ್ನು ಎಳೆದಾಡುತ್ತದೆ. ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿ ಬಂದರೆ ದಂಡೆಯ ರಸ್ತೆ, ಸೇತುವೆ ಜೊತೆ ಕೇಬಲ್ಲಿಗೂ ಆಪತ್ತು. ಕಲಘಟಗಿಯದ್ದು ಬೇರೆ ನೆಲ, ಗುಡ್ಡ ಮತ್ತು ಕಾಡಿನ ಅಂಚು. ಅಲ್ಲಿ ಕಂಬದ ಮೇಲೆ ಹೋದ ಲೈನಿಗೆ ಗಾಳಿ ಮಳೆಗೆ ಬೀಳುವ ಮರದ ಕೊಂಬೆಯೇ ಶತ್ರು. “ಲೈನ್ ಕಟ್ ಆಗೇತ್ರಿ, ನಾಳೆ ಹುಡುಗ ಬರ್ತಾನ್ರಿ” ಅನ್ನುವ ಉತ್ತರ ಯಾಕೆ ಅಷ್ಟು ಸಲ ಕೇಳಬೇಕಾಗುತ್ತದೆ ಅನ್ನುವುದಕ್ಕೆ ಇದೇ ಕಾರಣ.

ಸರ್ಕಾರಕ್ಕೂ ಇದು ಗೊತ್ತಾಗಿದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಮಾಡಿದ ಭಾರತ್‌ನೆಟ್‌ಗೆ 1,39,579 ಕೋಟಿ ರೂಪಾಯಿ ಇಟ್ಟಿದ್ದಾರೆ. ಒಂದೇ ಎಳೆಯ ಬದಲು ಉಂಗುರದಂತೆ ಸುತ್ತು ಹಾಕುವ ಲೈನ್, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ನೆಟ್ ಬರಬೇಕು. ಹತ್ತು ವರ್ಷದ ನಿರ್ವಹಣೆ ಗುತ್ತಿಗೆಯಲ್ಲೇ ಸೇರಿದೆ. ಐದು ವರ್ಷದಲ್ಲಿ 1.5 ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ಕೊಡುವ ಗುರಿ ಇದೆ. ಮೊದಲ ಬಾರಿಗೆ “ಮನೆ” ಅನ್ನುವ ಪದ ಯೋಜನೆಯ ಮಧ್ಯಕ್ಕೆ ಬಂದಿದೆ. ಒಳ್ಳೆಯದು. ಆದರೆ 2011ರಲ್ಲಿ ಯೋಜನೆ ಒಪ್ಪಿದಾಗ ಒಂದನೇ ತರಗತಿಯಲ್ಲಿದ್ದ ಹುಡುಗಿ 2023ಕ್ಕೆ ಪಿಯುಸಿ ಮುಗಿಸಿದಳು. ಅವಳ ಓದಿನ ಹನ್ನೆರಡು ವರ್ಷ ಕಾಲುವೆ ನೋಡುತ್ತಲೇ ಕಳೆದವು.

ಏರ್‌ಫೈಬರ್ ಬಂದರೆ ಸಾಕಲ್ವಾ?

ಕೆಲವರು ಹೀಗೂ ಕೇಳಬಹುದು: ತಂತಿಯ ರಗಳೆ ಯಾಕೆ, 5ಜಿ ಇದೆಯಲ್ಲ? ದೇಶದಲ್ಲಿ 2024ರ ಕೊನೆಗೆ ಸುಮಾರು 94 ಕೋಟಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳಿದ್ದವು. ಅದರಲ್ಲಿ ತಂತಿಯವು ಸುಮಾರು 4 ಕೋಟಿ ಮಾತ್ರ, ಉಳಿದದ್ದೆಲ್ಲ ಮೊಬೈಲ್. 2023ರಲ್ಲಿ ಏರ್‌ಟೆಲ್ ಮತ್ತು ಜಿಯೊ ಎರಡೂ ಏರ್‌ಫೈಬರ್ ಶುರು ಮಾಡಿದವು. ಮಾಳಿಗೆ ಮೇಲೆ ಒಂದು ರಿಸೀವರ್, ಒಳಗೆ ಒಂದು ರೂಟರ್. ಜಿಯೊದ ಆರಂಭದ ದರ 599, ಜಿಎಸ್‌ಟಿ ಸೇರಿ ಸುಮಾರು 707.

ಟವರ್ ಹತ್ತಿರ ಇರುವ, ಫೈಬರ್ ಬಾರದ ಮನೆಗೆ ಇದು ಒಳ್ಳೆಯ ಆಯ್ಕೆ. ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಒಂದು ಟವರಿನ ಸಾಮರ್ಥ್ಯ ಸುತ್ತಲಿನವರೆಲ್ಲ ಹಂಚಿಕೊಳ್ಳುವಂಥದ್ದು. ರಾತ್ರಿ ಎಂಟಕ್ಕೆ ಊರೆಲ್ಲ ಕ್ರಿಕೆಟ್ ನೋಡಿದರೆ ಪಾಲು ಕಡಿಮೆಯಾಗುತ್ತದೆ. ಗುಡ್ಡದ ಮರೆಯಲ್ಲಿರುವ ಕಲಘಟಗಿಯ ಊರುಗಳಿಗೆ ಸಿಗ್ನಲ್ಲೇ ಕಷ್ಟ. ಜೊತೆಗೆ ಪೆಟ್ಟಿಗೆ ಸಾಮಾನ್ಯವಾಗಿ ಕಂಪನಿಯದ್ದು, ಸಂಪರ್ಕ ಬಿಟ್ಟರೆ ವಾಪಸ್ ಕೊಡಬೇಕು. ಮತ್ತು ಆ ಟವರಿಗೂ ಹಿಂದಿನಿಂದ ಒಳ್ಳೆ ನೆಟ್ ಬರಬೇಕೆಂದರೆ ಕೊನೆಗೆ ಬೇಕಾಗುವುದು ಫೈಬರೇ.

ಅಗ್ಗದ ಇನ್ನೊಂದು ದಾರಿ ಪಿಎಂ-ವಾಣಿ. 2020ರ ಡಿಸೆಂಬರ್‌ನಲ್ಲಿ ಸಂಪುಟ ಒಪ್ಪಿದ್ದು. ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕ ಇಲ್ಲದೆ ವೈಫೈ ಮಾರಬಹುದು. ಅದು ಬೆಳೆಯದಿರಲು ಒಂದು ದೊಡ್ಡ ಕಾರಣ, ಆ ಸಣ್ಣ ಅಂಗಡಿಗೆ ಕಂಪನಿಗಳು ಮನೆಯ ದರದ ಬದಲು ದೊಡ್ಡ ಕಚೇರಿಗಳ ಲೀಸ್ಡ್ ಲೈನ್ ದರ ಕೇಳುತ್ತಿದ್ದದ್ದು. 2025ರ ಜೂನ್‌ನಲ್ಲಿ ಟ್ರಾಯ್, 200 ಎಂಬಿಪಿಎಸ್ ತನಕ ಮನೆಯ ಫೈಬರ್ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ ಅಂತ ಮಿತಿ ಹಾಕಿತು. ಮನೆಗೆ ರೂಟರ್ ಕೊಳ್ಳಲಾಗದವರ ಊರಿನಲ್ಲಿ ಯುವಕರ ಸಂಘಗಳು, ಸ್ವಸಹಾಯ ಗುಂಪುಗಳು ಇದನ್ನು ಗಂಭೀರವಾಗಿ ನೋಡಬೇಕು.

ಹಾಟ್‌ಸ್ಪಾಟ್ ಯಾರ ಕೈಯಲ್ಲಿದೆ?

ಮನೆಯ ವೈಫೈ ಬರೀ ಸೌಕರ್ಯ ಅಲ್ಲ ಅನ್ನುವುದಕ್ಕೆ ಒಂದು ಅಂಕಿ ಸಾಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಗ್ರಾಮೀಣ ಭಾರತದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದ ಹೆಂಗಸರು ಶೇ. 24.6, ಗಂಡಸರು ಶೇ. 48.7. ಈ ಅಂತರಕ್ಕೆ ಬಡತನ ಒಂದೇ ಕಾರಣ ಆಗಿದ್ದರೆ ಒಂದೇ ಮನೆಯ ಗಂಡಸು, ಹೆಂಗಸಿನ ನಡುವೆ ಅದು ಬರುತ್ತಿರಲಿಲ್ಲ.

ಡೇಟಾ ಫೋನಿನಲ್ಲಿ ಇರುವಾಗ ಅದು ಫೋನ್ ಹಿಡಿದವರದ್ದು. ಅಪ್ಪ ಹೊಲಕ್ಕೆ ಹೋದರೆ, ಅಣ್ಣ ಹುಬ್ಬಳ್ಳಿಗೆ ಹೋದರೆ ಹಾಟ್‌ಸ್ಪಾಟ್ ಅವರ ಜೊತೆ ಹೋಗುತ್ತದೆ. ತಂಗಿ ಕೇಳಿ ಪಡೆಯಬೇಕು, ಯಾತಕ್ಕೆ ಅಂತ ಹೇಳಬೇಕು. ರೂಟರ್ ಮನೆಯಲ್ಲೇ ಇರುತ್ತದೆ. ರೀಚಾರ್ಜ್ ಇಲ್ಲದ ಹಳೆ ಫೋನಿಗೂ ಸಿಗುತ್ತದೆ. ಮನೆಯ ಪಾಸ್‌ವರ್ಡ್ ಯಾರಿಗೆ ಗೊತ್ತಿರಬೇಕು ಅನ್ನುವ ಜಗಳ ಆಮೇಲೂ ಇರಬಹುದು, ಆದರೆ ಅದು ಕಿಸೆಯೊಳಗಿನ ನೆಟ್‌ಗಿಂತ ಗೆಲ್ಲಬಹುದಾದ ಜಗಳ. 2019ರಲ್ಲಿ ಹಾಸ್ಟೆಲ್‌ನ ಮೊಬೈಲ್ ನಿರ್ಬಂಧ ಪ್ರಶ್ನಿಸಿದ ವಿದ್ಯಾರ್ಥಿನಿ ಫಹೀಮಾ ಶಿರಿನ್ ಪ್ರಕರಣದಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದಿತು.

ಇತ್ತ ಸರ್ಕಾರ ತನ್ನ ಕೆಲಸವನ್ನೆಲ್ಲ ನೆಟ್‌ಗೆ ಒಯ್ದಿದೆ. ಪಹಣಿ, ಬೆಳೆ ಸಮೀಕ್ಷೆ, ಬೆಳೆ ವಿಮೆ, ವಿದ್ಯಾರ್ಥಿವೇತನ, ಸೇವಾ ಸಿಂಧು. ನರೇಗಾ ಹಾಜರಾತಿಯನ್ನೂ 2023ರ ಜನವರಿಯಿಂದ ಆ್ಯಪ್‌ನಲ್ಲೇ ಕಡ್ಡಾಯ ಮಾಡಲಾಯಿತು. ನೆಟ್ ಇಲ್ಲದ ದಿನ ಕೂಲಿಯ ಹಾಜರಾತಿಯೇ ತೂಗುಯ್ಯಾಲೆ. ಪ್ರಜೆ ಆನ್‌ಲೈನ್ ಇರಲೇಬೇಕು ಅಂತ ನಿಯಮ ಮಾಡುವ ಸರ್ಕಾರ, ಪ್ರಜೆಯನ್ನು ಆನ್‌ಲೈನ್ ತರುವ ಖರ್ಚು ಮತ್ತು ರಿಸ್ಕ್ ಎರಡನ್ನೂ ಪ್ರಜೆಯ ಮೇಲೇ ಹೊರಿಸಿದೆ.

ಹಾಗಾದರೆ ಏನು ಕೇಳಬೇಕು?

ಒಂದು, ಪೆಟ್ಟಿಗೆಯ ಸ್ವಾತಂತ್ರ್ಯ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಕಾನೂನೇ ಇದೆ: ಕಂಪನಿಯ ಜಾಲ ಗೋಡೆಯ ಸಾಕೆಟ್‌ಗೆ ಮುಗಿಯುತ್ತದೆ, ಅದರ ಮುಂದಿನ ಪೆಟ್ಟಿಗೆ ಯಾವುದು ಅನ್ನುವುದು ಗ್ರಾಹಕರ ಆಯ್ಕೆ. ಲೈನ್ ಕೊಡುವವರು ಬೇಡ ಅನ್ನುವಂತಿಲ್ಲ. ಇಲ್ಲಿ ಪೆಟ್ಟಿಗೆ ನಡೆಯದಿರಲು ಕೆಲವೊಮ್ಮೆ ತಾಂತ್ರಿಕ ಕಾರಣ ಇರುತ್ತದೆ, ಆ ತುದಿಯ ಯಂತ್ರಕ್ಕೂ ಈ ತುದಿಯ ಓಎನ್‌ಟಿಗೂ ಹೊಂದಬೇಕು. ಎಷ್ಟೋ ಸಲ ಕಾರಣ ಬರೀ ಬೀಗ, ಕಂಪನಿ ಹಾಕಿದ್ದು. ಸಾರ್ವಜನಿಕ ಹಣದಲ್ಲಿ ಎಳೆದ ಭಾರತ್‌ನೆಟ್ ಲೈನಿನಲ್ಲಾದರೂ ಪ್ರಮಾಣಿತ ಓಎನ್‌ಟಿ ಯಾವುದೇ ಇರಲಿ ನಡೆಯಬೇಕು ಅನ್ನುವ ಷರತ್ತು ಹಾಕಲು ಏನು ತೊಂದರೆ?

ಎರಡು, ಬಡ ಮನೆಗೆ ಪೆಟ್ಟಿಗೆ ಉಚಿತ. ಕೇರಳ ತನ್ನದೇ ಕೆ-ಫೋನ್ ಜಾಲವನ್ನು 2023ರ ಜೂನ್‌ನಲ್ಲಿ ಉದ್ಘಾಟಿಸಿತು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟುಕೊಂಡು. ಆ ಗುರಿ ಮುಟ್ಟಲು ಅದೂ ತಿಣುಕಾಡಿದೆ, ನಿಜ. ಆದರೆ ಇಂಟರ್ನೆಟ್ ರೇಷನ್‌ನಂತೆ ಸರ್ಕಾರದ ಹೊಣೆ ಅನ್ನುವ ಮಾತನ್ನಾದರೂ ಆಡಿತು. ಉಚಿತ ಬಸ್, ಉಚಿತ ವಿದ್ಯುತ್ ಕೊಟ್ಟ ಕರ್ನಾಟಕ ಇದರ ಬಗ್ಗೆ ಚರ್ಚೆಯನ್ನಾದರೂ ಶುರು ಮಾಡಬೇಕು. ಪೆಟ್ಟಿಗೆಯ 2,000 ರೂಪಾಯಿ ತೆಗೆದರೆ ಮೇಲಿನ ಲೆಕ್ಕ ಮೊದಲ ತಿಂಗಳಿನಿಂದಲೇ ಮನೆಯವರ ಪರವಾಗಿ ನಿಲ್ಲುತ್ತದೆ.

ಮೂರು, ರಿಪೇರಿಯ ಹಕ್ಕು. 2024ರ ಅಕ್ಟೋಬರ್‌ನಿಂದ ಜಾರಿಯಾದ ಟ್ರಾಯ್‌ನ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ತಂತಿ ಸಂಪರ್ಕದ ದೋಷ ಮೂರು ದಿನದಲ್ಲಿ ಸರಿಯಾಗದಿದ್ದರೆ ಗ್ರಾಹಕರಿಗೆ ರಿಯಾಯಿತಿ ಸಿಗಬೇಕು. ಆದರೆ ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಲೈನ್ ಹೋದ ದಿನವೇ ದೂರು ನಂಬರ್ ಪಡೆದು ಇಟ್ಟುಕೊಳ್ಳಿ. ಹುಡುಗನಿಗೆ ಫೋನ್ ಮಾಡಿದ್ದು ದೂರು ಆಗುವುದಿಲ್ಲ.

ನಾಲ್ಕು, ಗ್ರಾಮಸಭೆ. ಜಿಲ್ಲಾ, ತಾಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆ ಇಲ್ಲದೆ ಕಳೆದ ರಾಜ್ಯದಲ್ಲಿ ಜನ ನೇರವಾಗಿ ಕೇಳಬಹುದಾದ ಜಾಗ ಅದೊಂದೇ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. ಅಲ್ಲಿ ಕೇಳಬೇಕಾದ್ದು: ನಮ್ಮ ಪಂಚಾಯ್ತಿಯ ಭಾರತ್‌ನೆಟ್ ಯಂತ್ರ ಇವತ್ತು ಚಾಲೂ ಇದೆಯಾ? ಅದಕ್ಕೆ ಬ್ಯಾಟರಿ ಇದೆಯಾ? ಕಳೆದ ಆರು ತಿಂಗಳಲ್ಲಿ ಎಷ್ಟು ದಿನ ಬಂದ್ ಇತ್ತು? ಎಷ್ಟು ಮನೆಗೆ ಅದರಿಂದ ಸಂಪರ್ಕ ಹೋಗಿದೆ? ರಸ್ತೆ ಅಗೆಯುವ ಗುತ್ತಿಗೆದಾರರಿಗೆ ಕೇಬಲ್ ಎಲ್ಲಿದೆ ಅಂತ ಯಾರು ಹೇಳುತ್ತಾರೆ? ಉತ್ತರ ನಡಾವಳಿಯಲ್ಲಿ ಬರೆಯಿಸಿ.

ಅಲ್ಲಿಯ ತನಕ

ಇವತ್ತೇ ಕೊಳ್ಳಬೇಕಾದವರಿಗೆ ಇಷ್ಟು. ಮೊದಲು ನಿಮ್ಮ ಓಣಿಯಲ್ಲಿ ಯಾರ ಲೈನ್ ನಿಂತಿದೆ, ಯಾರದ್ದು ಪದೇ ಪದೇ ಬೀಳುತ್ತದೆ ಅಂತ ಅಕ್ಕಪಕ್ಕದವರನ್ನು ಕೇಳಿ. ಕಂಪನಿ ಆರಿಸಲು ಇದಕ್ಕಿಂತ ಒಳ್ಳೆ ವಿಮರ್ಶೆ ಸಿಗಲ್ಲ. ಓಎನ್‌ಟಿಯಲ್ಲೇ ವೈಫೈ ಇದ್ದರೆ ಒಂದು ತಿಂಗಳು ಅದರಲ್ಲೇ ನಡೆಸಿ ನೋಡಿ. ಬೇರೆ ಬೇಕೇ ಬೇಕು ಅನ್ನಿಸಿದರೆ 30ರಿಂದ 50 ಎಂಬಿಪಿಎಸ್ ಪ್ಲ್ಯಾನಿಗೆ ಎನ್300 ಸಾಕು, 100ರದ್ದಾದರೆ ಎಸಿ1200. ಬಿಲ್ ಮತ್ತು ವಾರಂಟಿ ಇರಲಿ. ದುಡ್ಡು ಉಳಿದರೆ ದೊಡ್ಡ ರೂಟರ್ ಬದಲು ಸಣ್ಣ ಯುಪಿಎಸ್ ಕೊಳ್ಳಿ.

ತಂದ ಮೇಲೆ ಎರಡು ಪಾಸ್‌ವರ್ಡ್ ಬದಲಿಸಿ: ವೈಫೈದು ಒಂದು, ರೂಟರ್ ಸೆಟ್ಟಿಂಗ್ಸ್ ಒಳಗೆ ಹೋಗುವುದು ಇನ್ನೊಂದು. ಎರಡನೆಯದನ್ನು ಬಹಳ ಜನ ಮುಟ್ಟುವುದೇ ಇಲ್ಲ, ಅದು “ಅಡ್ಮಿನ್” ಅಂತಲೇ ಉಳಿದಿರುತ್ತದೆ. 2018ರಲ್ಲಿ ವಿಪಿಎನ್‌ಫಿಲ್ಟರ್ ಅನ್ನುವ ಕುತಂತ್ರಾಂಶ 54 ದೇಶಗಳ ಸುಮಾರು ಐದು ಲಕ್ಷ ರೂಟರ್ ಮತ್ತು ಸ್ಟೋರೇಜ್ ಸಾಧನಗಳಿಗೆ ಹೊಕ್ಕಿತ್ತು. ಅದರಲ್ಲಿ ಬಹುಪಾಲು ಮನೆಗಳ ಮತ್ತು ಸಣ್ಣ ಕಚೇರಿಗಳ ಮಾಮೂಲಿ ಪೆಟ್ಟಿಗೆಗಳೇ. ಹಳ್ಳಿಯ ಮನೆಗೆ ಯಾರು ಬರ್ತಾರೆ ಅನ್ನಬೇಡಿ, ಅದೇ ವೈಫೈನಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ತೆರೆಯುತ್ತೀರಿ.

ಇಷ್ಟು ನಾವು ಮಾಡಿಕೊಳ್ಳಬಹುದು. ಉಂಗುರದ ಲೈನ್, ಪಂಚಾಯ್ತಿಯ ಬ್ಯಾಟರಿ, ಮೂರು ದಿನದ ರಿಪೇರಿ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. 1,39,579 ಕೋಟಿಯ ಯೋಜನೆಯ ಐದು ವರ್ಷದ ಗಡುವು ಓಡುತ್ತಿದೆ. ನಮ್ಮ ತಾಲೂಕಿನ ಎಷ್ಟು ಮನೆ ಆ 1.5 ಕೋಟಿಯ ಪಟ್ಟಿಯಲ್ಲಿವೆ ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವವರು ಬೇಕಾಗಿದ್ದಾರೆ.